ಹತ್ತೊಂಬತ್ತನೇ ಗೇಟಿನ ಏಳು ದಿನ

2024ರ ಆಗಸ್ಟ್ 10, ಶನಿವಾರ. ರಾತ್ರಿ ಹನ್ನೊಂದರ ಆಸುಪಾಸು. ಹೊಸಪೇಟೆಯ ತುಂಗಭದ್ರಾ (ಟಿ.ಬಿ.) ಡ್ಯಾಂ ತುಂಬಿ ತುಳುಕುತ್ತಿತ್ತು. ಹಿಂದಿನ ವರ್ಷ ಬರ ಕಂಡಿದ್ದ ಸೀಮೆಗೆ ಈ ಸಲ 105 ಟಿಎಂಸಿ ನೀರು ಕೈಗೆ ಬಂದಿತ್ತು. ಕಂಪ್ಲಿ, ಗಂಗಾವತಿಯ ಗದ್ದೆಗಳಲ್ಲಿ ಭತ್ತದ ನಾಟಿಯ ಕಾಲ. ಎರಡು ಬೆಳೆಗೂ ನೀರಿದೆ ಎಂಬ ನೆಮ್ಮದಿಯಲ್ಲಿ ರೈತ ಮಲಗಿದ್ದ.

ಆಗ ತುಂಡಾಯಿತು, 19ನೇ ಕ್ರಸ್ಟ್ ಗೇಟಿನ ಚೈನು.

60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಬಾಗಿಲು ಕ್ಷಣಾರ್ಧದಲ್ಲಿ ಕಿತ್ತು ಕೊಚ್ಚಿಹೋಯಿತು. ಬಾಗಿಲಿದ್ದ ಜಾಗದಲ್ಲಿ ಬರೀ ಬಾಯಿ. ಆ ಬಾಯಿಂದ 35,000 ಕ್ಯೂಸೆಕ್ ನೀರು, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರ್, ಕತ್ತಲಿಗೆ ಧುಮುಕತೊಡಗಿತು. ಡ್ಯಾಂ ಒಡೆಯಿತಂತೆ ಎಂಬ ಸುದ್ದಿ ನೀರಿಗಿಂತ ವೇಗವಾಗಿ ಊರೂರಿಗೆ ಹರಿಯಿತು. ನದಿ ದಂಡೆಯ ಮನೆಗಳಲ್ಲಿ ಆ ರಾತ್ರಿ ಯಾರ ಕಣ್ಣಿಗೂ ನಿದ್ದೆ ಹತ್ತಲಿಲ್ಲ.

ಡ್ಯಾಂ ಒಡೆದಿರಲಿಲ್ಲ. ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಕಲ್ಲಿನ ಗೋಡೆ ಅಲುಗಾಡದೆ ನಿಂತಿತ್ತು. 1945ರಲ್ಲಿ ಅಡಿಗಲ್ಲು ಬಿದ್ದು, 1953ರಿಂದ ನೀರು ಹಿಡಿದಿಟ್ಟ ಕಟ್ಟೆ ಅದು. ಸೋತದ್ದು ಒಂದು ಕೊಂಡಿ. ಅಷ್ಟು ವರ್ಷ ಕಟ್ಟೆಯ ಮೇಲೆ ನಿಂತು ನೀರು ನೋಡಿದ ನಾವು ಯಾರೂ ಆ ಚೈನಿನ ಕಡೆ ಕಣ್ಣೆತ್ತಿರಲಿಲ್ಲ. ಬೇರೆ ಅಣೆಕಟ್ಟುಗಳಲ್ಲಿ ಗೇಟು ಕೈಕೊಟ್ಟರೆ ಅದರ ಮುಂದೆ ಇಳಿಸಲು ಸ್ಟಾಪ್‌ಲಾಗ್ ಎಂಬ ಬದಲಿ ಬಾಗಿಲು ಇರುತ್ತದೆ. ನಮ್ಮ ಡ್ಯಾಂಗೆ ಅದು ಇರಲಿಲ್ಲ. ಆ ಪದವನ್ನು ಈ ಸೀಮೆಯ ಹೆಚ್ಚಿನವರು ಮೊದಲ ಸಲ ಕೇಳಿದ್ದೇ ಆ ವಾರ.

ಬೆಳಗಾಗುವಷ್ಟರಲ್ಲಿ ಎದೆ ನಡುಗಿಸುವ ತೀರ್ಮಾನ ಆಗಿಹೋಗಿತ್ತು. ಒಂದೇ ಬಾಯಿಂದ ನೀರು ನುಗ್ಗಿದರೆ ಕಟ್ಟೆಗೂ ಉಳಿದ ಗೇಟುಗಳಿಗೂ ಅಪಾಯ. ಹಾಗಾಗಿ 33 ಗೇಟುಗಳಿಂದಲೂ ನೀರು ಬಿಡಬೇಕು. ಹೊರಹರಿವು ಲಕ್ಷ ಕ್ಯೂಸೆಕ್ ಮುಟ್ಟಿತು. ಆ ಲೆಕ್ಕದಲ್ಲಿ ದಿನಕ್ಕೆ ಎಂಟೂವರೆ ಟಿಎಂಸಿ! ನದಿ ಇಷ್ಟು ಉಬ್ಬಿದಾಗ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ತೆಪ್ಪಗಳು ದಂಡೆ ಸೇರುತ್ತವೆ, ಕಂಪ್ಲಿ ಸೇತುವೆಯ ಕಡೆ ಎಲ್ಲರೂ ಆತಂಕದಿಂದ ನೋಡುತ್ತಾರೆ. ಈ ಸಲ ಆತಂಕದ ಜೊತೆ ಸಂಕಟವೂ ಸೇರಿತು. ಹರಿದುಹೋಗುತ್ತಿದ್ದದ್ದು ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅನ್ನ. ಆಂಧ್ರ, ತೆಲಂಗಾಣಗಳ ಪಾಲೂ ಅದರಲ್ಲಿತ್ತು.

ಗೇಟಿನ ಹೊಸ್ತಿಲು ಇರುವುದು 1,613 ಅಡಿ ಮಟ್ಟದಲ್ಲಿ. ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಹೊಸ್ತಿಲು ಕಾಣುವ ತನಕ ನೀರು ಖಾಲಿ ಮಾಡಿ, ಆಮೇಲೆ ಹೊಸ ಗೇಟು ಕೂರಿಸುವುದು ಸುರಕ್ಷಿತ ದಾರಿ. ಆದರೆ ಹಾಗೆ ಮಾಡಿದರೆ 60 ಟಿಎಂಸಿಯಷ್ಟು ನೀರು ಕೈಬಿಡಬೇಕು. ಮಳೆ ಮತ್ತೆ ಬರುತ್ತದೆ ಎಂದು ಯಾರು ಬರೆದುಕೊಟ್ಟಾರು?

ಆಗ ಮುಂದೆ ಬಂದವರು ಗೇಟ್ ತಜ್ಞ ಎನ್. ಕನ್ನಯ್ಯ ನಾಯ್ಡು. ವಯಸ್ಸು ಎಂಬತ್ತರ ಹತ್ತಿರ. ಹರಿಯುವ ನೀರಿನಲ್ಲೇ ತಡೆ ಇಳಿಸೋಣ ಎಂಬುದು ಅವರ ಯೋಜನೆ. ಇಡೀ ಗೇಟನ್ನು ಒಮ್ಮೆಲೇ ಇಳಿಸಲಾಗದು. ಅದಕ್ಕೇ 20 ಅಡಿಯನ್ನು ಐದು ಭಾಗ ಮಾಡಿ, 60 ಅಡಿ ಉದ್ದ, ನಾಲ್ಕು ಅಡಿ ಎತ್ತರದ ಐದು ಉಕ್ಕಿನ ಎಲಿಮೆಂಟುಗಳನ್ನು ಒಂದರ ಮೇಲೊಂದು ಪೇರಿಸುವುದು. ಕಾಲುವೆಯ ತೂಬಿಗೆ ಹಲಗೆ ಮೇಲೆ ಹಲಗೆ ಇಳಿಸಿ ನೀರು ಕಟ್ಟುವ ರೈತನಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಇಲ್ಲಿ ಒಂದೊಂದು ಹಲಗೆಯೂ ಹತ್ತು ಟನ್ ಮೀರಿದ್ದು, ಅಷ್ಟೇ ವ್ಯತ್ಯಾಸ.

ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲೂ, ಹೊಸಪೇಟೆ ಸುತ್ತಲಿನ ವರ್ಕ್‌ಶಾಪುಗಳಲ್ಲೂ ಹಗಲು ರಾತ್ರಿ ವೆಲ್ಡಿಂಗ್ ಕಿಡಿ ಹಾರಿತು. ತಿಂಗಳುಗಟ್ಟಲೆ ಹಿಡಿಯುವ ಕೆಲಸ ದಿನಗಳಲ್ಲಿ ಮುಗಿಯಿತು. ಉದ್ದನೆಯ ಟ್ರೇಲರುಗಳು ಉಕ್ಕನ್ನು ಹೊತ್ತು ಡ್ಯಾಂ ದಾರಿ ಹಿಡಿದವು.

ಆಗಸ್ಟ್ 15. ಮೊದಲ ಯತ್ನ ಫಲಿಸಲಿಲ್ಲ. ಗೇಟಿನ ಮೇಲಿದ್ದ ಸ್ಕೈವಾಕ್ ಎಂಬ ಓಡಾಟದ ಸೇತುವೆ ಎಲಿಮೆಂಟ್ ಇಳಿಸಲು ಅಡ್ಡವಾಗಿತ್ತು. ನೀರಿನ ಆರ್ಭಟದ ನೆತ್ತಿಯ ಮೇಲೆ ನಿಂತು ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಕಾಗದದ ಮೇಲೆ ಕಾಣದ ತೊಡಕನ್ನು ಯಂತ್ರ ಎದುರಿಗೆ ನಿಂತು ಕಲಿಸಿತು. ಕಲಿಯುವಷ್ಟು ಹೊತ್ತೂ ನೀರು ಹರಿಯುತ್ತಲೇ ಇತ್ತು.

ಆಗಸ್ಟ್ 16, ಶುಕ್ರವಾರ. ಜಲಾಶಯದ ಮಟ್ಟ ಈಗ ಸುಮಾರು 1,625 ಅಡಿ. ಅಂದರೆ ಹೊಸ್ತಿಲ ಮೇಲೆ ಇನ್ನೂ 12 ಅಡಿ ನೀರು. ಕ್ರೇನುಗಳು ಮೊದಲ ಎಲಿಮೆಂಟನ್ನು ಎತ್ತಿದವು. ಆ ಗಳಿಗೆಯ ಗಂಡಾಂತರವನ್ನು ಲೆಕ್ಕದಲ್ಲಿ ನೋಡಿ. ನಿಂತ ನೀರೆಂದು ಹಿಡಿದರೂ, ತಳದ ಎಲಿಮೆಂಟಿನ ಮೇಲೆ 12 ಅಡಿ ನೀರು ಹೇರುವ ಒತ್ತಡ ಸುಮಾರು 68 ಟನ್. ಆ ಒತ್ತಡ ಹಲಗೆಯನ್ನು ಎರಡೂ ಬದಿಯ ಕಂಬಗಳ ಸಂದಿಗೆ ಒತ್ತಿ ಹಿಡಿಯುತ್ತದೆ. ಕೆಳಗೆ ಜಾರಲು ಅದಕ್ಕಿರುವ ಬಲ ಅದರ ಸ್ವಂತ ಭಾರ ಮಾತ್ರ. ಒಂದು ತುದಿ ಅಂಗುಲದಷ್ಟು ಓರೆಯಾದರೂ ಸಾಕು, ಉಕ್ಕು ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೊಕ್ಕೆ ತಪ್ಪಿದರೆ ಅದೂ ಹಳೆಯ ಗೇಟಿನ ಹಾದಿಯೇ.

ಕಾಲಡಿ ಕಂಪಿಸುವ ಕಟ್ಟೆ. ಪಕ್ಕದವನ ಕೂಗು ಕೇಳಿಸದ ಭೋರ್ಗರೆತ, ಮಾತೆಲ್ಲ ಕೈಸನ್ನೆಯಲ್ಲೇ. ಎಡ ತುದಿ ಕೊಂಚ, ಬಲ ತುದಿ ಕೊಂಚ. ಕತ್ತಲಾಯಿತು, ದೀಪಗಳು ಹೊತ್ತಿಕೊಂಡವು. ಉಕ್ಕಿನ ಅಂಚು ನೀರಿಗೆ ತಾಗಿತು, ಇಳಿಯಿತು, ಇನ್ನೂ ಇಳಿಯಿತು. ಕೊನೆಗೆ ಹೊಸ್ತಿಲ ಮೇಲೆ ಕೂತಿತು. ಕೆಲಸಗಾರರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆ ಸುದ್ದಿ ಕೇಳಿದ ಹಳ್ಳಿಗಳಲ್ಲಿ ಅದು ಹಬ್ಬದ ರಾತ್ರಿ.

ಮಾರನೇ ದಿನ, ಆಗಸ್ಟ್ 17ರಂದು, ಒಂದರ ಮೇಲೊಂದು ಉಳಿದ ಎಲಿಮೆಂಟುಗಳೂ ಇಳಿದವು. ಏಳು ದಿನ ಬಾಯಿ ತೆರೆದಿದ್ದ 19ನೇ ಗೇಟು ಮೌನವಾಯಿತು. ಅಷ್ಟರಲ್ಲಿ ಮೂವತ್ತು ಟಿಎಂಸಿಗೂ ಹೆಚ್ಚು ನೀರು ಹೋಗಿತ್ತು. ಆದರೂ ಸುಮಾರು 70 ಟಿಎಂಸಿ ಉಳಿದಿತ್ತು. ಮಳೆಯೂ ಕೈಬಿಡಲಿಲ್ಲ, ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬುವ ಹಂತಕ್ಕೆ ಬಂತು.

ಈ ಪಾಠ ನಮ್ಮೊಬ್ಬರದ್ದೇ ಅಲ್ಲ. 1995ರ ಜುಲೈ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಫೋಲ್ಸಮ್ ಡ್ಯಾಂನಲ್ಲಿ ಮೂರನೇ ಗೇಟು ಮುರಿದು, ಜಲಾಶಯದ ಸುಮಾರು ಶೇ. 40ರಷ್ಟು ನೀರು ಹರಿದುಹೋಯಿತು. ತನಿಖೆ ಬೆರಳು ತೋರಿಸಿದ್ದು ಗೇಟು ತಿರುಗುವ ಪಿನ್ನಿನ ಕಡೆಗೆ. ಎಣ್ಣೆ ಸಾಲದೆ, ತುಕ್ಕು ಹಿಡಿದು, ವರ್ಷದಿಂದ ವರ್ಷಕ್ಕೆ ಬಿಗಿಯಾಗಿದ್ದ ಪಿನ್ನು ಅದು. 2021ರ ಆಗಸ್ಟಿನಲ್ಲಿ ಕೃಷ್ಣಾ ನದಿಯ ಪುಲಿಚಿಂತಲ ಅಣೆಕಟ್ಟಿನ ಗೇಟೊಂದು ಕೊಚ್ಚಿಹೋಗಿತ್ತು. ಆ ಸದ್ದು ನಮಗೂ ಕೇಳಿಸಬೇಕಿತ್ತು.

ಹಂಪಿಯ ಸುತ್ತ ವಿಜಯನಗರದ ಅರಸರು ಕಟ್ಟಿಸಿದ ಅಣೆಕಟ್ಟೆಗಳಿಗೆ ಗೇಟಿಲ್ಲ, ಚೈನಿಲ್ಲ. ಹೆಚ್ಚಾದ ನೀರು ಕಲ್ಲಿನ ನೆತ್ತಿ ಹಾರಿ ಹೋಗುತ್ತದೆ. ಉಳಿದದ್ದು ಇವತ್ತಿಗೂ ತುರ್ತು ಎಂಬ ಹೆಸರಿನ ಕಾಲುವೆಗೆ ಇಳಿದು ಬಾಳೆ, ಕಬ್ಬು, ಭತ್ತ ಬೆಳೆಸುತ್ತದೆ. ನಾವು ಅದಕ್ಕಿಂತ ಎಷ್ಟೋ ಪಟ್ಟು ನೀರು ಹಿಡಿಯಲು ಹೊರಟವರು. ಹಾಗಾಗಿ ಬಾಗಿಲು ಬೇಕಾಯಿತು, ಬಾಗಿಲಿಗೆ ಚೈನು ಬೇಕಾಯಿತು. ಚೈನಿನ ಮೇಲೆ ಊರು ಕಟ್ಟಿದ ಮೇಲೆ ಅದರ ಕೊಂಡಿಕೊಂಡಿಯ ಗುರುತು ಇಟ್ಟುಕೊಳ್ಳುವುದೂ ನಮ್ಮ ಪಾಲಿನ ಬೇಸಾಯವೇ.

ಕಲಿಕೆಯ ಬೆಲೆ ಅಲ್ಲಿಗೇ ತೀರಲಿಲ್ಲ. ಹಳೆಯ ಗೇಟುಗಳ ಮೇಲೆ ಭಾರ ಹಾಕಬಾರದೆಂದು 2025ರ ಮಳೆಗಾಲದಲ್ಲಿ ನೀರಿನ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ತುಂಬಿ ಬಂದ ಹೊಳೆಯನ್ನು ಕಣ್ಣೆದುರಿಗೇ ಸಾಗಹಾಕಿದೆವು. ಕಂಪ್ಲಿಯ ರೈತ ಬೆಳಿಗ್ಗೆ ಗದ್ದೆಗೆ ಹೋದಾಗ ಮೊದಲು ನೋಡುವುದು ತೂಬಿನ ಹಲಗೆಯನ್ನು. ಕೊಳೆತಿದೆಯೇ, ಸಡಿಲವಾಗಿದೆಯೇ ಎಂದು ಕೈಯಿಟ್ಟು ನೋಡುತ್ತಾನೆ, ಬದಲಿ ಹಲಗೆಯೊಂದನ್ನು ಬದುವಿನ ಮೇಲೆ ಇಟ್ಟುಕೊಂಡಿರುತ್ತಾನೆ. 33 ಗೇಟುಗಳ ಡ್ಯಾಂ ಕೇಳುವುದೂ ಅದನ್ನೇ: ದಿನಾ ಒಂದು ಕೈ, ಮತ್ತು ಬದುವಿನ ಮೇಲೆ ಒಂದು ಬದಲಿ ಹಲಗೆ.