ಚಪಾತಿ ತಿನ್ನಬಾರದ ತಂಗಿ

ಸಕ್ಕರೆ ಕಾಯಿಲೆಯವರಿಗೆ ಬುದ್ಧಿ ಹೇಳುವವರಿಗೆ ನಮ್ಮ ಊರುಗಳಲ್ಲಿ ಬರವಿಲ್ಲ. ಹಾಲು ಹಾಕುವವರಿಂದ ಹಿಡಿದು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರವರೆಗೆ ಎಲ್ಲರದೂ ಒಂದೇ ಮಂತ್ರ: "ಅನ್ನ ಬಿಡಿ, ಚಪಾತಿ ತಿನ್ನಿ." ಹದಿನೇಳನೆಯ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ನನ್ನ ತಂಗಿಯೂ ಈ ಮಂತ್ರವನ್ನು ಶ್ರದ್ಧೆಯಿಂದ ಪಾಲಿಸಿದವಳು. ಮದುವೆಯಾಗಿ ದಾವಣಗೆರೆಗೆ ಹೋದ ಮೇಲೂ ಅವಳಿಗೆ ಎರಡು ಹೊತ್ತು ಚಪಾತಿಯೇ.

ಮೂವತ್ತು ದಾಟಿದ ಮೇಲೆ ಅವಳು ಸೊರಗತೊಡಗಿದಳು. ಹೊಟ್ಟೆ ಉಬ್ಬರ, ಆಗಾಗ ಭೇದಿ. ಕಬ್ಬಿಣದ ಮಾತ್ರೆ ನುಂಗಿ ನುಂಗಿ ಸಾಕಾದರೂ ಮೈಯಲ್ಲಿ ರಕ್ತ ಏರಲಿಲ್ಲ. ಎಲ್ಲಕ್ಕಿಂತ ಹೆದರಿಸಿದ್ದೆಂದರೆ, ಹೊಟ್ಟೆ ತುಂಬ ಉಂಡ ಮೇಲೂ ಸಕ್ಕರೆ ಇಳಿದು, ಬೆವರಿ, ಕೈ ನಡುಗಿ ಕುಸಿದು ಕೂರುತ್ತಿದ್ದಳು. "ನೆಟ್ಟಗೆ ಊಟ ಮಾಡಲ್ಲ, ಅದಕ್ಕೇ" ಎಂದು ನೆಂಟರ ತೀರ್ಪು. ಕೊನೆಗೆ ಒಬ್ಬ ವೈದ್ಯೆ ರಕ್ತದಲ್ಲಿ ಟಿಟಿಜಿ ಎಂಬ ಪರೀಕ್ಷೆ ಮಾಡಿಸಿದರು. ಬಾಯಿಯ ಮೂಲಕ ನಳಿಕೆ ಇಳಿಸಿ, ಸಣ್ಣ ಕರುಳಿನ ಚೂರು ತೆಗೆಸಿ ನೋಡಿದರು. ಸೀಲಿಯಾಕ್ ಕಾಯಿಲೆ ಎಂದರು.

ಗೋಧಿ, ಬಾರ್ಲಿಗಳಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ. ಈ ಕಾಯಿಲೆಯವರು ಅದನ್ನು ತಿಂದರೆ, ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕರುಳನ್ನು ಕೆಡಿಸುತ್ತದೆ. ಆಹಾರ ಹೀರುವ ಮಖಮಲ್ಲಿನಂಥ ಎಳೆಗಳು ಸವೆದುಹೋಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಚುಚ್ಚಿಕೊಂಡ ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡಿಬಿಡುತ್ತದೆ. ತಂಗಿಗಿರುವ ಟೈಪ್ 1 ಸಕ್ಕರೆ ಕಾಯಿಲೆಯೂ ಹೀಗೆ ಮೈ ತನ್ನ ಮೇಲೆ ತಾನೇ ತಿರುಗಿ ಬೀಳುವುದರಿಂದಲೇ ಬರುವಂಥದು. ಎರಡಕ್ಕೂ ದಾರಿ ಮಾಡುವ ವಂಶವಾಹಿಗಳಲ್ಲಿ ಕೆಲವು ಒಂದೇ. ಹಾಗಾಗಿ ಟೈಪ್ 1 ಇರುವ 100 ಜನರಲ್ಲಿ ಸುಮಾರು 5-6 ಜನರಿಗೆ ಇದೂ ಜೊತೆಯಾಗುತ್ತದೆ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1950ರಲ್ಲೇ ತಮ್ಮ ಪ್ರಬಂಧದಲ್ಲಿ ಬರೆದಿಟ್ಟರು. ಇಂದಿಗೂ ಇದಕ್ಕೆ ಇರುವ ಮದ್ದೆಂದರೆ ಗೋಧಿಯನ್ನು ಜೀವನಪೂರ್ತಿ ಬಿಡುವುದೇ.

ಅಮ್ಮನ ಕಾಲದ ಜೋಳದ ರೊಟ್ಟಿ, ರಾಗಿ ಮುದ್ದೆ ಮತ್ತೆ ಅವಳ ತಟ್ಟೆಗೆ ಬಂದವು. ಸುಲಭವಾಯಿತು ಎಂದುಕೊಂಡರೆ ಅಲ್ಲೂ ತೊಡಕು. ಗಿರಣಿಯವನು ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾನೆ. ಈಗ ಮನೆಯಲ್ಲೇ ಒಂದು ಪುಟ್ಟ ಗಿರಣಿ ಇಟ್ಟುಕೊಂಡಿದ್ದಾರೆ. ಅಂಗಡಿಯ ಹಿಂಗಿಗೂ ಎಷ್ಟೋ ವೇಳೆ ಗೋಧಿ ಹಿಟ್ಟು, ಮೈದಾ ಬೆರೆಸಿರುತ್ತಾರೆ. ಸಾರಿನ ಒಗ್ಗರಣೆಗೂ ಡಬ್ಬಿಯ ಮೇಲಿನ ಚೀಟಿ ಓದಬೇಕು. ಕರುಳು ಚೇತರಿಸಿ ಉಂಡದ್ದು ಮೈಗೆ ಹತ್ತತೊಡಗಿದಾಗ ಇನ್ಸುಲಿನ್ ಕೂಡ ಏರಿಸಬೇಕಾಯಿತು. ಅದನ್ನು ಕೇಳಿ "ಕಾಯಿಲೆ ಜಾಸ್ತಿಯಾಯ್ತಂತೆ" ಎಂದು ಮರುಗಿದವರೂ ಉಂಟು!

ಇವೆಲ್ಲಕ್ಕಿಂತ ಕಷ್ಟದ್ದು ನಮ್ಮ ಉಪಚಾರ. ಶನಿವಾರದ ಫಲಾಹಾರಕ್ಕೆ ರವೆ ಉಪ್ಪಿಟ್ಟು, ಹಬ್ಬಕ್ಕೆ ಹೋಳಿಗೆ, ಸತ್ಯನಾರಾಯಣ ಪೂಜೆಗೆ ರವೆಯ ಸಜ್ಜಿಗೆ. "ಒಂದು ಚಿಟಿಕೆ ಬಾಯಿಗೆ ಹಾಕ್ಕೊಳ್ಳೇ ತಾಯಿ, ಪ್ರಸಾದದಿಂದ ಯಾರಿಗೂ ಕೆಟ್ಟದ್ದಾಗಿಲ್ಲ" ಎಂದು ಹಿರಿಯರು ಕೈ ಚಾಚಿದಾಗ ಬೇಡವೆನ್ನುವುದು ಹೆಣ್ಣುಮಗಳಿಗೆ ಸಣ್ಣ ಮಾತಲ್ಲ. ಆದರೆ ಆ ಕರುಳಿಗೆ ಚಿಟಿಕೆಯೂ ಲೆಕ್ಕವೇ. ಒಂದು ಪೂಜೆಯಲ್ಲಿ ಅವಳ ಅತ್ತೆಯೇ ಮುಂದೆ ಬಂದು, "ಅವಳಿಗೆ ಬಾಳೆಹಣ್ಣು ತುಳಸಿ ಕೊಡಿ, ದೇವರಿಗೆ ಗೊತ್ತಾಗುತ್ತೆ" ಎಂದುಬಿಟ್ಟರು. ತಂಗಿ ಹಣ್ಣಿನ ಲೆಕ್ಕಕ್ಕೆ ಸೂಜಿ ಚುಚ್ಚಿಕೊಂಡು ಪ್ರಸಾದ ತೆಗೆದುಕೊಂಡಳು.

ನಿಮ್ಮ ಮನೆಯಲ್ಲೂ ಚಿಕ್ಕಂದಿನಿಂದ ಇನ್ಸುಲಿನ್ ಮೇಲಿರುವವರು ಕಾರಣವಿಲ್ಲದೆ ಸೊರಗುತ್ತಿದ್ದರೆ, ಮಾತ್ರೆ ನುಂಗಿದರೂ ರಕ್ತ ಏರದಿದ್ದರೆ, ಈ ಪರೀಕ್ಷೆಯ ಮಾತನ್ನು ವೈದ್ಯರ ಹತ್ತಿರ ಎತ್ತಿ. ಅದಕ್ಕೆ ಮೊದಲೇ ಗೋಧಿ ಬಿಡಿಸಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು. ಇನ್ನು ಪಂಕ್ತಿಯಲ್ಲಿ ಯಾರಾದರೂ ಹೋಳಿಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೆ, ದಯವಿಟ್ಟು ಬಲವಂತ ಮಾಡದೆ ಮುಂದಿನ ಎಲೆಗೆ ಹೋಗಿ.