ಅವ್ವನ ಮಾರಿ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ನಿಮಗೆಲ್ಲ ಗೊತ್ತು. ಪರೀಕ್ಷೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಕೇಳಿದರೆ ಎಲ್ಲರೂ ರೂಪ, ಗುಣ, ಅಡುಗೆ ಎಂದು ಬರೆಯುತ್ತಾರೆ. ಸಿಟ್ಟು, ಅಳು, ಹೆದರಿಕೆ ಇವುಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಗಾದೆಯಲ್ಲಿ ಮಗನ ಹೆಸರಂತೂ ಇಲ್ಲವೇ ಇಲ್ಲ. ಆದರೆ ಸಿಟ್ಟು ಬಂದಾಗ ಏನು ಮಾಡಬೇಕು, ಹೆದರಿಕೆ ಆದಾಗ ಹ್ಯಾಂಗ ಇರಬೇಕು ಎಂಬುದನ್ನು ಮಗಳೂ ಮಗನೂ ಮೊದಲು ಕಲಿಯುವುದು ಅವ್ವನ ಮಾರಿ ನೋಡಿಯೇ ಎಂದು ನನಗೆ ಅನಿಸುತ್ತದೆ.

ಬೇಕಾದರೆ ಗೆಳೆಯರೇ, ನೀವೇ ನೋಡಿರಿ. ಈಗ ತಾನೇ ನಡೆಯಲು ಕಲಿತ ಕೂಸು ಅಂಗಳದಲ್ಲಿ ಮುಗ್ಗರಿಸಿ ಬೀಳುತ್ತದೆ. ಅದು ಕೂಡಲೇ ಅಳುವುದಿಲ್ಲ. ಮೊದಲು ಅವ್ವನ ಕಡೆ ನೋಡುತ್ತದೆ. ಅವ್ವ "ಅಯ್ಯಯ್ಯೋ, ಬಿತ್ತಲ್ಲೋ ಕೂಸು" ಎಂದು ಎದೆ ಬಡಿದುಕೊಂಡರೆ ಅದು ಊರಿಗೆಲ್ಲ ಕೇಳುವಂತೆ ಅಳುತ್ತದೆ. "ಬಿದ್ದೇನು? ಏಳು, ಎಲ್ಲಿ ಬಡೀತು ತೋರ್ಸು" ಎಂದರೆ ಮೊಣಕಾಲು ತೋರಿಸಿ ಮತ್ತೆ ಓಡುತ್ತದೆ. ಎರಡೂ ಸಲ ಪೆಟ್ಟು ಅಷ್ಟೇ.

ಇದನ್ನು ವಿಜ್ಞಾನಿಗಳೂ ಪ್ರಯೋಗ ಮಾಡಿ ನೋಡಿದ್ದಾರೆ ಎಂದು ನಮ್ಮ ವಿಜ್ಞಾನದ ಗುರುಗಳು ಹೇಳಿದರು. ಅಮೇರಿಕಾದ ಎಡ್ವರ್ಡ್ ಟ್ರಾನಿಕ್ ಎಂಬುವರು ಮತ್ತು ಅವರ ಜೊತೆಗಾರರು 1978ರಲ್ಲಿ ಅದನ್ನು ಪ್ರಕಟಿಸಿದರು. ತಾಯಿ ಮೊದಲು ತನ್ನ ಕೂಸಿನ ಜೊತೆ ನಕ್ಕು ಆಡಬೇಕು. ಆಮೇಲೆ ಕೆಲವು ನಿಮಿಷ ಕಲ್ಲಿನ ಗೊಂಬೆಯಂತೆ ಅದರ ಮುಂದೆ ಕೂಡಬೇಕು. ನಗಬಾರದು, ಮಾತಾಡಬಾರದು. ಇನ್ನೂ ವರ್ಷ ತುಂಬದ ಕೂಸು ಅವಳನ್ನು ನಗಿಸಲು ನೋಡುತ್ತದೆ. ಅವಳು ನಗದಿದ್ದರೆ ಕೊನೆಗೆ ಮುಖ ತಿರುಗಿಸಿಕೊಂಡು ಸಪ್ಪಗಾಗುತ್ತದೆ. ತಾಯಿ ಬೈಯಲಿಲ್ಲ, ಹೊಡೆಯಲಿಲ್ಲ. ಬರೀ ಅವಳ ಮಾರಿ ಸುಮ್ಮನಾಯಿತು, ಅಷ್ಟಕ್ಕೇ!

ಅಮೇರಿಕಾ ದೂರ ಆಯಿತು. ನಮ್ಮ ಹತ್ತಿರದ್ದೇ ಒಂದು ಸಂಗತಿ ಹೇಳುತ್ತೇನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಜನರು ಗಣಪತಿ ಕಳಿಸಿ ಬಂದು ಮಲಗಿದ್ದಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ ಆಯಿತು. ಸುಮಾರು ಹತ್ತು ಸಾವಿರ ಜನ ಸತ್ತರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅವೇ ಮಲಗಿದವರ ಮೈಮೇಲೆ ಬಿದ್ದವು. ಕಿಲ್ಲಾರಿ ನಮ್ಮಿಂದ ನೂರು ಕಿಲೋಮೀಟರ್ ಕೂಡ ಇಲ್ಲ. ನಮ್ಮ ಬೀದರ ಜಿಲ್ಲೆಯೂ ನಡುಗಿತು. ನಮ್ಮ ಅವ್ವಗ ಆಗ ಏಳು ವರ್ಷ. ತವರೂರಿನಲ್ಲಿ ಅವರದೂ ಮಣ್ಣಿನ ಮಾಳಿಗೆಯ ಮನೆ. ಮತ್ತೆ ನಡುಗಿದರೆ ಏನು ಗತಿ ಎಂದು ಬಹಳ ದಿವಸ ಎಲ್ಲರೂ ಅಂಗಳದಲ್ಲೇ ಮಲಗಿದರಂತೆ. ರಾತ್ರಿ ದೂರದಲ್ಲಿ ಲಾರಿ ಹೋದರೂ ಮಕ್ಕಳು ಚೀರಿ ಏಳುತ್ತಿದ್ದರಂತೆ.

ಆಗ ನಮ್ಮ ಆಯಿ, ಅಂದರೆ ಅವ್ವನ ಅವ್ವ, "ಏನೂ ಆಗಿಲ್ಲ, ಸುಮ್ನ ಮಕ್ಕೊ" ಎಂದು ಗದರಿಸಲಿಲ್ಲ. "ಹೆದರಿಕಿ ಆಗ್ಯಾದೇನು? ನನಗೂ ಆಗ್ಯಾದ. ಬಾ, ಇಬ್ಬರೂ ಕೂಡಿ ಎಣಸೋಣ" ಎಂದು ಅವ್ವನ ಕೈ ಹಿಡಿದು ಒಂದರಿಂದ ಎಣಿಸುತ್ತಿದ್ದಳಂತೆ. ಐವತ್ತು ಮುಟ್ಟುವಷ್ಟರಲ್ಲಿ ಅವ್ವನ ನಡುಕ ನಿಲ್ಲುತ್ತಿತ್ತು. ಆಯಿ ಸಾಲಿ ಕಲಿತವಳಲ್ಲ. ಐವತ್ತರ ಮುಂದೆ ಅವಳಿಗೆ ಬರುತ್ತಿರಲಿಲ್ಲ, ಮತ್ತೆ ಒಂದರಿಂದಲೇ ಶುರು!

ಈಗ ಮಳೆಗಾಲದಲ್ಲಿ ಸಿಡಿಲು ಹೊಡೆದಾಗ ಅವ್ವ ನಮಗೂ ಹಾಗೆಯೇ ಎಣಿಸಲು ಹಚ್ಚುತ್ತಾಳೆ. ಮಿಂಚು ಕಂಡ ಕೂಡಲೇ ನನ್ನ ತಮ್ಮ "ಒಂದು, ಎರಡು" ಎನ್ನುತ್ತಾನೆ. ಬೆಳಕು ಕೂಡಲೇ ಕಾಣುತ್ತದೆ, ಸಪ್ಪಳಕ್ಕೆ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. ಒಂಬತ್ತು ಎಣಿಸಿದ ಮೇಲೆ ಗುಡುಗಿದರೆ ಸಿಡಿಲು ಸುಮಾರು 3 ಕಿಲೋಮೀಟರ್ ದೂರ ಎಂದು ತಮ್ಮನೇ ಲೆಕ್ಕ ಹೇಳುತ್ತಾನೆ. (ಹೊಲದಲ್ಲಿದ್ದರೆ ಮಾತ್ರ ಎಣಿಸುತ್ತ ನಿಲ್ಲಬೇಡಿರಿ, ಗಿಡದ ಕೆಳಗೂ ನಿಲ್ಲಬೇಡಿರಿ. ಮನೆ ಸೇರಿಕೊಳ್ಳಿರಿ.) ಕಿಲ್ಲಾರಿಯ ಹೆದರಿಕೆಗೆ ಆಯಿ ಹುಡುಕಿದ ಔಷಧ, ಮೂವತ್ತು ವರ್ಷದ ಮೇಲೂ ಅವಳು ಇಲ್ಲದ ಮನೆಯಲ್ಲಿ ನಡೆದಿದೆ.

ಸಿಟ್ಟಿನ ಮಾತು ಬೇರೆ. ಸಿಟ್ಟು ಬಂದಾಗ ನಮ್ಮ ಅವ್ವ ಮಾತಾಡುವುದಿಲ್ಲ, ರೊಟ್ಟಿ ಬಡಿಯುತ್ತಾಳೆ. ಸಪ್ಪಳ ಕೇಳಿದರೆ ಸಿಟ್ಟು ಎಷ್ಟು ಎಂದು ನಮಗೆ ತಿಳಿಯುತ್ತದೆ. ನಾಲ್ಕು ರೊಟ್ಟಿ ಆದ ಮೇಲೆ "ಈಗ ಹೇಳು, ಏನ್ ಆಗ್ಯಾದ" ಎನ್ನುತ್ತಾಳೆ. ಎಲ್ಲಾ ಅವ್ವಂದಿರೂ ಹೀಗೆ ಇರುವುದಿಲ್ಲ. ರಾಶಿಯ ದಿವಸಗಳಲ್ಲಿ ನಸುಕಿಗೆ ಎದ್ದು ಹೊಲಕ್ಕೆ ಹೋಗಿ, ಬಿಸಿಲಲ್ಲಿ ಬೆಂದು ಬಂದವಳ ಕೈಗೆ ಸಿಟ್ಟು ಬೇಗ ಬರುತ್ತದೆ. ಅವಳು ಹೊಡೆಯುವ ಏಟು ಖರೇನೇ ಮಗನಿಗೆ ಸೇರಿದ್ದಲ್ಲ. ಆದರೂ ಅದನ್ನು ತಿಂದ ಮಗ ಅದನ್ನೇ ಕಲಿತು, ಮರುದಿನ ತನಗಿಂತ ಸಣ್ಣವನಿಗೆ ಕೊಡುತ್ತಾನೆ.

ಒಂದು ಮಾತು ಮಾತ್ರ ನನಗೆ ಸೇರುವುದಿಲ್ಲ. ಕಬಡ್ಡಿಯಲ್ಲಿ ಬಿದ್ದು ಅತ್ತರೆ ಹುಡುಗನಿಗೆ "ಗಂಡು ಮಗ ಆಗಿ ಅಳ್ತಿ ಏನ್" ಎನ್ನುತ್ತಾರೆ. ಹುಡುಗಿ ಜೋರಾಗಿ ಮಾತಾಡಿದರೆ "ಹೆಣ್ಣು ಮಗಳಿಗಿ ಇಷ್ಟ್ ಸಿಟ್ಟ್ ಇರಬಾರ್ದು" ಎನ್ನುತ್ತಾರೆ. ಅಂದರೆ ಅವರಿಗೆ ಅಳಲು ಪರವಾನಗಿ ಇಲ್ಲ, ನಮಗೆ ಸಿಟ್ಟಾಗಲು ಇಲ್ಲ. ಅಳು ಎಲ್ಲಿ ಹೋಗಬೇಕು? ಹುಡುಗರಲ್ಲಿ ಅದು ಕೈಗೆ ಬರುತ್ತದೆ. ನಮ್ಮಲ್ಲಿ ಸಿಟ್ಟು ಊಟ ಬಿಡಿಸುತ್ತದೆ.

ನಮ್ಮ ತರಗತಿಯಲ್ಲಿ ಕೆಲವರ ಅವ್ವಂದಿರು ಕೆಲಸಕ್ಕೆ ಹೈದರಾಬಾದಿಗೆ, ಪುಣೆಗೆ ಹೋಗಿದ್ದಾರೆ. ಅವರು ಆಯಿಯ ಮಾರಿಯನ್ನೋ ಅಕ್ಕನ ಮಾರಿಯನ್ನೋ ನೋಡಿ ಕಲಿಯುತ್ತಾರೆ. ಅಪ್ಪಂದಿರ ಮಾರಿಯನ್ನೂ ನೋಡುತ್ತೇವೆ, ಅದರ ಬಗ್ಗೆ ಮುಂದಿನ ಸಂಚಿಕೆಗೆ ಯಾರಾದರೂ ಬರೆಯಿರಿ.

ಮಕ್ಕಳಿಗೆ ಅವ್ವ ಇದ್ದಾಳೆ, ಅವ್ವಗ ಯಾರು? ಆಯಿಗೆ ಬೀಸುವ ಕಲ್ಲು ಇತ್ತಂತೆ. ನಸುಕಿನಲ್ಲಿ ಜೋಳ ಬೀಸುತ್ತ ಅತ್ತೆಮನೆಯ ದುಃಖ, ತವರಿನ ನೆನಪು ಎಲ್ಲ ಹಾಡಿ ಕಲ್ಲಿಗೆ ಹೇಳುತ್ತಿದ್ದಳು. ಅಂಥ ಹಾಡುಗಳನ್ನೇ ವಿಜಯಪುರ ಕಡೆಯ ಹಲಸಂಗಿ ಗೆಳೆಯರು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪುಸ್ತಕ ಮಾಡಿದರು. ಈಗ ಬೀಸುವ ಕಲ್ಲು ಮೂಲೆಯಲ್ಲಿದೆ, ಹಿಟ್ಟು ಗಿರಣಿಯಲ್ಲಿ ಆಗುತ್ತದೆ. ಗಿರಣಿಯ ಸಪ್ಪಳದಲ್ಲಿ ಹಾಡು ಕೇಳುವುದಿಲ್ಲ. ಆದರೂ ಪಾಳಿ ಹಚ್ಚಿದ ಹೆಣ್ಣುಮಕ್ಕಳು ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಒದರಿ ಒದರಿ ಮಾತಾಡುತ್ತಾರೆ. ನಾನು ಹೋಗುತ್ತೇನೆ ಅಂದರೂ ಕೆಲವು ದಿವಸ ಅವ್ವ ತಾನೇ ಡಬ್ಬಿ ಹೊತ್ತು ಹೋಗುತ್ತಾಳೆ. ತಡಮಾಡಿ ಬರುತ್ತಾಳೆ. ಬಂದಾಗ ಅವಳ ತಲೆ ತುಂಬ ಹಿಟ್ಟು ಇರುತ್ತದೆ, ಮಾರಿ ಹಗುರ ಆಗಿರುತ್ತದೆ. "ಗಿರಣಿಯಾಗ ಯಾರ್ಯಾರು ಬಂದಿದ್ರವ್ವಾ?" ಎಂದು ನಾನು ಕೇಳುತ್ತೇನೆ. ಅವಳು ಡಬ್ಬಿ ಇಳಿಸಿ ಹೇಳಲು ಕೂಡುತ್ತಾಳೆ.