ಕೇಪ್ ಸೀಮೆಯ ದ್ರಾಕ್ಷಿತೋಟಗಳಲ್ಲಿ ಒಂದು ದಿನ

ಚಿಕ್ಕಬಳ್ಳಾಪುರದ ಸೀಮೆಯಲ್ಲಿ ದ್ರಾಕ್ಷಿಯ ಬಳ್ಳಿಗೆ ನಿದ್ರೆಯೆಂಬುದಿಲ್ಲ. ವರ್ಷಕ್ಕೆ ಎರಡು ಸಲ ಅದನ್ನು ಸವರುತ್ತಾರೆ. ಎರಡು ಸಲವೂ ಅದು ಚಿಗುರಿ, ಹೂವಾಗಿ, ಚಪ್ಪರದಡಿಯಲ್ಲಿ ಕಪ್ಪು ಗೊಂಚಲುಗಳನ್ನು ಇಳಿಬಿಡುತ್ತದೆ. 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬೆಂಗಳೂರು ನೀಲಿಯೆಂಬ ಈ ಹಣ್ಣಿನ ದಪ್ಪ ಸಿಪ್ಪೆಯೂ ಗಾಢವಾದ ಕಂಪೂ ವಾಚಕರಿಗೆ ಹೊಸವಲ್ಲ. ಆಫ್ರಿಕಾ ಖಂಡದ ದಕ್ಷಿಣದ ಅಂಚಿನಲ್ಲಿರುವ ಕೇಪ್ ಸೀಮೆಯಲ್ಲಿಯಾದರೋ ಬಳ್ಳಿಯ ಬದುಕೇ ಬೇರೆ. ಅಲ್ಲಿ ಜೂನ್ ತಿಂಗಳಿಂದ ಆಗಸ್ಟಿನವರೆಗೆ ಚಳಿಯೂ ಮಳೆಯೂ ಒಟ್ಟಿಗೆ ಬರುತ್ತವೆ. ಬಳ್ಳಿ ಎಲೆಯೆಲ್ಲವನ್ನೂ ಉದುರಿಸಿ ಒಣಕಟ್ಟಿಗೆಯಂತೆ ನಿಂತುಬಿಡುತ್ತದೆ. ಫಸಲು ವರ್ಷಕ್ಕೆ ಒಂದೇ. ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಚಪ್ಪರವೂ ಇಲ್ಲ. ತಂತಿಗೆ ಹಬ್ಬಿಸಿದ ಉದ್ದುದ್ದನೆಯ ಸಾಲುಗಳು. ಹಳೆಯ ತೋಟಗಳಲ್ಲಿ ಆಸರೆಯೇ ಇಲ್ಲದೆ ಕುಳ್ಳ ಗಿಡದಂತೆ ಬೆಳೆಸಿದ ಬಳ್ಳಿಗಳು.

ನಂದಿಬೆಟ್ಟದ ತಪ್ಪಲಿನಲ್ಲಿ ಎರಡೆಕರೆ ದ್ರಾಕ್ಷಿಯ ಚಪ್ಪರವುಳ್ಳ ಒಬ್ಬ ನಿವೃತ್ತ ಉಪಾಧ್ಯಾಯರು, ತಮ್ಮ ಮಗಳು ನೆಲೆಸಿರುವ ಕೇಪ್ ಟೌನ್ ನಗರಕ್ಕೆ ಪತ್ನೀಸಮೇತರಾಗಿ ಹೋದುದು ಕೊಯ್ಲಿನ ಈ ಕಾಲದಲ್ಲಿಯೆ. ಹೊರಡುವ ಮುನ್ನ ಅವರ ಮನೆಯಲ್ಲಿ ಒಂದು ವಿವಾದ ಎದ್ದಿತ್ತು. ಮದ್ಯ ತಯಾರಿಸುವ ಒಂದು ಸಂಸ್ಥೆಯವರು, ಒಂದೆಕರೆಯ ಹಳೆಯ ಬಳ್ಳಿಯನ್ನು ಕಿತ್ತು ತಾವು ಹೇಳುವ ಯೂರೋಪಿನ ತಳಿಯನ್ನು ನೆಟ್ಟರೆ ಫಸಲನ್ನು ಗೊತ್ತಾದ ಬೆಲೆಗೆ ಕೊಳ್ಳುವುದಾಗಿ ಕಾಗದ ಬರೆದಿದ್ದರು. ಸಂತೆಯ ಬೆಲೆಯ ಏರಿಳಿತದಲ್ಲಿ ಬೆಂದಿದ್ದ ಉಪಾಧ್ಯಾಯರಿಗೆ ಅದು ವರವೆಂದೇ ತೋರಿತು. ಮನೆಯಾಕೆ ಒಪ್ಪಲಿಲ್ಲ. ಆಕೆಯ ಅಣ್ಣ ಸಾರಾಯಿಗೆ ಬಲಿಯಾದವನು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಾಗ, ಅವನು ಹೋಗಿ ಆರು ವರ್ಷವಾಗಿತ್ತು. “ನಮ್ಮ ಚಪ್ಪರದ ಹಣ್ಣು ಮಕ್ಕಳ ಬಾಯಿಗೆ ಹೋಗಲಿ, ಸೀಸೆಗೆ ಬೇಡ” ಎಂಬುದು ಆಕೆಯ ಮಾತು. ಮಗಳು ಇಬ್ಬರ ನಡುವೆ ನಿಂತು, ಮುನ್ನೂರೈವತ್ತು ವರ್ಷಕ್ಕೂ ಮಿಕ್ಕು ಈ ಕಸುಬನ್ನು ಮಾಡಿದ ಊರಿಗೆ ಬಂದಿದ್ದೀರಿ, ನೋಡಿಯೇ ತೀರ್ಮಾನಿಸಿರಿ ಎಂದು ಒಂದು ದಿನದ ಮಟ್ಟಿಗೆ ಗಾಡಿಯನ್ನೂ ಮಾರ್ಗದರ್ಶಿಯನ್ನೂ ಗೊತ್ತುಮಾಡಿದಳು.

ಇಂಥ ಪ್ರವಾಸಗಳು ಅಲ್ಲಿ ಎರಡು ಬಗೆ. ದೊಡ್ಡ ಬಸ್ಸಿನಲ್ಲಿ ಇಪ್ಪತ್ತು ಮೂವತ್ತು ಜನರೊಡನೆ ಹೋಗಬಹುದು. ಆಗ ಮಾರ್ಗದರ್ಶಿ ಕಂಠಪಾಠ ಒಪ್ಪಿಸುತ್ತಾನೆ, ಜನ ಲೋಟ ಎತ್ತುತ್ತಾರೆ. ಖಾಸಗಿಯಾಗಿ ಹೋದರೆ ಹಣ ಹೆಚ್ಚು. ಆ ಹೆಚ್ಚಿನ ಹಣ ಮೆತ್ತನೆಯ ಪೀಠಕ್ಕೆಂದು ಎಲ್ಲರೂ ತಿಳಿಯುತ್ತಾರೆ. ಅದರ ನಿಜವಾದ ಉಪಯೋಗ ಪ್ರಶ್ನೆ ಕೇಳುವುದಕ್ಕೆ. ಬಸ್ಸಿನವನನ್ನು ನಿಲ್ಲಿಸಿ ‘ಈ ಹಣ್ಣನ್ನು ಕೊಯ್ಯುವವರು ಯಾರು?’ ಎಂದರೆ ಹಿಂದಿನ ಸಾಲಿನವರು ಗೊಣಗಿಯಾರು.

ಬಂದವನು ಐವತ್ತರ ಸುಮಾರಿನ, ಗೋದಿಬಣ್ಣದ, ಮಿತಭಾಷಿಯಾದ ಮನುಷ್ಯ. ಅವನ ಮನೆತನದ ಹೆಸರು ಇಂಗ್ಲಿಷ್ ಪಂಚಾಂಗದ ಒಂದು ತಿಂಗಳಿನ ಹೆಸರು. ಅದೇನು ವಿಚಿತ್ರವೆಂದು ಉಪಾಧ್ಯಾಯರು ಕೇಳಿದಾಗ “ಮುಂದೆ ಹೇಳುತ್ತೇನೆ” ಎಂದು ಗಾಡಿಯನ್ನು ದಕ್ಷಿಣಕ್ಕೆ ತಿರುಗಿಸಿದನು.

ಮೊದಲು ಹೋದುದು ಗ್ರೂಟ್ ಕಾನ್ಸ್ಟಾನ್ಷಿಯಾ ಎಂಬ ತೋಟಕ್ಕೆ. ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯವರು ಕೇಪಿನಲ್ಲಿ ಠಾಣ್ಯ ಹಾಕಿದುದು 1652ರಲ್ಲಿ. ಹಿಂದೂದೇಶಕ್ಕೆ ಹೋಗಿಬರುವ ಹಡಗುಗಳಿಗೆ ನೀರು, ಸೊಪ್ಪು, ಮಾಂಸಗಳನ್ನು ಒದಗಿಸುವುದು ಅದರ ಉದ್ದೇಶ. ಠಾಣ್ಯದ ಅಧಿಪತಿಯಾದ ಯಾನ್ ಫಾನ್ ರೀಬೆಕ್ 1655ರಲ್ಲಿ ಬಳ್ಳಿ ನೆಡಿಸಿ, 1659ರ ಫೆಬ್ರವರಿ 2ರಂದು ಮೊದಲ ರಸ ಹಿಂಡಿಸಿದನು. ಹೀಗೆ ದಿನಸಹಿತವಾಗಿ ಜನ್ಮಪತ್ರಿಕೆಯುಳ್ಳ ಉದ್ಯಮ ಲೋಕದಲ್ಲಿ ಅಪರೂಪ. ಆದರೆ ಕೇಪಿನ ಮದ್ಯಕ್ಕೆ ಕೀರ್ತಿ ತಂದವನು ಸೈಮನ್ ಫಾನ್ ದರ್ ಸ್ಟೆಲ್. 1679ರಲ್ಲಿ ಅಧಿಕಾರ ವಹಿಸಿಕೊಂಡ ಇವನಿಗೆ 1685ರಲ್ಲಿ ಈ ಭೂಮಿ ದೊರೆಯಿತು. ಇಲ್ಲಿಯ ಸಿಹಿಮದ್ಯ ಮುಂದೆ ಯೂರೋಪಿನ ಅರಮನೆಗಳನ್ನು ಮುಟ್ಟಿತು. ಸೇಂಟ್ ಹೆಲೀನಾ ದ್ವೀಪದಲ್ಲಿ ಸೆರೆಯಾಗಿದ್ದ ನೆಪೋಲಿಯನ್ನನಿಗೂ ಇದು ಬೇಕಾಯಿತು.

ಈ ಫಾನ್ ದರ್ ಸ್ಟೆಲ್ಲನು 1639ರಲ್ಲಿ ಮಾರಿಷಸ್ಸಿಗೆ ಹೋಗುವ ಹಡಗಿನಲ್ಲಿ ಹುಟ್ಟಿದವನು. ಅವನ ತಾಯಿಯ ತಾಯಿ ಭಾರತದ ಕರಾವಳಿಯಿಂದ ಬಂದು, ಅನಂತರ ಬಿಡುಗಡೆ ಹೊಂದಿದ ದಾಸಿ. ಮೋನಿಕಾ ಎಂದು ದಾಖಲೆಗಳಲ್ಲಿ ಹೆಸರಿದೆ. ಅದು ಆಕೆಗೆ ಜ್ಞಾನಸ್ನಾನದಲ್ಲಿ ಕೊಟ್ಟ ಹೆಸರಾಗಿರಬೇಕು. ತಂದೆತಾಯಿ ಕರೆದ ಹೆಸರಂತೂ ಅಲ್ಲ. ಬಿಳಿಯ ಗೋಡೆ, ಸುರುಳಿಸುರುಳಿಯಾದ ಮುಖಭಿತ್ತಿ, ಹುಲ್ಲಿನ ಛಾವಣಿಗಳಿಂದ ಕೂಡಿದ ಆ ಮನೆಯನ್ನು ನೋಡುತ್ತ ನಿಂತ ಮನೆಯಾಕೆ ಈ ಸಂಗತಿಯನ್ನು ಕೇಳಿ, “ಹಾಗಾದರೆ ಇವನು ನಮ್ಮ ಕಡೆಯವಳ ಮೊಮ್ಮಗ” ಎಂದರು. ಬಳಿಕ ಒಂದು ಕ್ಷಣ ಬಿಟ್ಟು, “ಅವನೂ ಆಳುಗಳನ್ನು ಕೊಂಡನೆ?” ಎಂದು ಕೇಳಿದರು. ಕೊಂಡನು.

ಮನೆಯ ಹಿಂದೆ 1791ರಲ್ಲಿ ಕಟ್ಟಿದ ಒಂದು ನೆಲಮಾಳಿಗೆಯಿದೆ. ಅದರ ನೆತ್ತಿಯ ಮೇಲೆ ಆಂಟನ್ ಆನ್ರೈಟ್ ಎಂಬ ಶಿಲ್ಪಿ ಗ್ರೀಕರ ಪುರಾಣದ ಗ್ಯಾನಿಮೀಡನನ್ನು ಕೆತ್ತಿದ್ದಾನೆ. ದೇವತೆಗಳಿಗೆ ಪಾನವನ್ನು ಎರೆಯಲೆಂದು ದೇವರಾಜನ ಹದ್ದು ಭೂಮಿಯಿಂದ ಹೊತ್ತೊಯ್ದ ಹುಡುಗನಿವನು. ಕಲೆ ಉತ್ತಮವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗುಲಾಮರು ಪೀಪಾಯಿ ಉರುಳಿಸುತ್ತಿದ್ದ ಬಾಗಿಲ ಮೇಲೆ, ಪಾನ ಎರೆಯಲು ಅಪಹರಿಸಲ್ಪಟ್ಟ ಬಾಲಕನ ಚಿತ್ರವನ್ನು ಕೆತ್ತಿಸಿದ ಯಜಮಾನನಿಗೆ ಅದರ ಅರ್ಥ ಹೊಳೆದಿತ್ತೋ ಇಲ್ಲವೋ! ವಿದ್ವಾಂಸರ ಎಣಿಕೆಯಂತೆ 1808ರಲ್ಲಿ ಸಾಗಣೆ ನಿಲ್ಲುವವರೆಗೆ ಕೇಪಿಗೆ ಹಡಗಿನಲ್ಲಿ ತಂದ ಗುಲಾಮರು ಸುಮಾರು 63,000. ಅವರಲ್ಲಿ ಕಾಲುಭಾಗದಷ್ಟು ಜನ ಬಂಗಾಳ, ಕೋರಮಂಡಲ, ಮಲಬಾರುಗಳಿಂದ ಹೋದವರು. ಉಳಿದವರು ಮಡಗಾಸ್ಕರ್, ಪೂರ್ವ ಆಫ್ರಿಕಾ, ಜಾವಾದ ಕಡೆಯ ದ್ವೀಪಗಳಿಂದ. ಕೊಂಡವರು ಅವರಿಗೆ ಬಾಯಿಗೆ ಬಂದ ಹೆಸರಿಟ್ಟರು. ಎಷ್ಟೋ ಜನರಿಗೆ ತಿಂಗಳ ಹೆಸರೇ ಹೆಸರಾಯಿತು. “ನನ್ನದು ಹಾಗೆ ಬಂದುದು” ಎಂದನು ಮಾರ್ಗದರ್ಶಿ. ಉಪಾಧ್ಯಾಯರು ಮತ್ತೆ ಆ ವಿಷಯ ಎತ್ತಲಿಲ್ಲ.

ರುಚಿನೋಡುವ ಕೋಣೆಯ ವಿಧಿಯನ್ನೂ ಒಂದಿಷ್ಟು ಹೇಳಬೇಕು. ಲೋಟದ ತಳದಲ್ಲಿ ಎರಡು ಗುಟುಕಿನಷ್ಟು ಎರೆಯುತ್ತಾರೆ. ಅದನ್ನು ಓರೆಮಾಡಿ ಬಣ್ಣ ನೋಡಬೇಕು, ತಿರುಗಿಸಿ ಮೂಸಬೇಕು, ಬಾಯೊಳಗೆ ಆಡಿಸಬೇಕು. ಆಮೇಲೆ ಮೇಜಿನ ಮೇಲಿಟ್ಟ ಪಾತ್ರೆಯೊಳಕ್ಕೆ ಉಗುಳಬೇಕು. ನುಂಗುವವರೇ ಹೆಚ್ಚು; ಆದರೂ ಬಲ್ಲವರು ಉಗುಳುತ್ತಾರೆ. ಎಂಜಲೆಂದರೆ ಒಲೆಯ ಹತ್ತಿರಕ್ಕೂ ಬಿಡದ ಮನೆಯಿಂದ ಬಂದ ದಂಪತಿಗಳಿಗೆ, ರೇಷ್ಮೆಯುಟ್ಟ ಮಹನೀಯರೂ ಮಹಿಳೆಯರೂ ಒಂದೇ ಪಾತ್ರೆಗೆ ಬಾಗಿ ಉಗುಳುವ ನೋಟ, ಮದ್ಯಕ್ಕಿಂತಲೂ ಹೆಚ್ಚಿನ ಅಚ್ಚರಿಯನ್ನುಂಟುಮಾಡಿತು. ಇಬ್ಬರೂ ಹಣ್ಣಿನ ರಸವನ್ನೇ ಕುಡಿದರು. ಉಪಾಧ್ಯಾಯರು ಮಾತ್ರ ಬರಿಯ ಮದ್ಯವನ್ನು ಮೂಸಿನೋಡಿ, ಬಳ್ಳಿಯಲ್ಲಿಯೆ ಒಣಗಲು ಬಿಟ್ಟ ಹಣ್ಣಿನ ವಾಸನೆಯನ್ನು ಸರಿಯಾಗಿ ಗುರುತಿಸಿದರು. ಎರೆಯುವ ಹುಡುಗಿಗೆ ಸಂತೋಷವಾಯಿತು.

ಮಧ್ಯಾಹ್ನಕ್ಕೆ ಸ್ಟೆಲೆನ್‌ಬಾಷ್ ಸೇರಿದರು. ಫಾನ್ ದರ್ ಸ್ಟೆಲ್ಲನು 1679ರಲ್ಲಿ ತನ್ನ ಹೆಸರಿನಿಂದಲೇ ಸ್ಥಾಪಿಸಿದ ಈ ಊರು, ನಗರದಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರು. ಓಕ್ ಮರಗಳ ನೆರಳಿನ ಬೀದಿಗಳೂ ವಿಶ್ವವಿದ್ಯಾನಿಲಯವೂ ಅದರ ಅಲಂಕಾರ. ಇಲ್ಲಿ ಉಪಾಧ್ಯಾಯರ ಒಳಗಿನ ರೈತನು ಎಚ್ಚತ್ತನು. 1925ರಲ್ಲಿ ಅಬ್ರಹಾಂ ಪೆರೋಲ್ಡ್ ಎಂಬ ಪ್ರಾಧ್ಯಾಪಕರು ಪೀನೋ ನ್ವಾರ್, ಸ್ಯಾಂಸೋ ಎಂಬ ಎರಡು ತಳಿಗಳನ್ನು ಕೂಡಿಸಿ ನಾಲ್ಕೇ ಬೀಜ ಪಡೆದು, ತಮ್ಮ ಮನೆಯ ಹಿತ್ತಿಲಲ್ಲಿ ಬಿತ್ತಿದರು. ಕೆಲಸ ಬದಲಾಯಿಸಿ ಮನೆ ಬಿಟ್ಟಾಗ ಅವನ್ನು ಮರೆತರು. ಹಿತ್ತಿಲನ್ನು ಹಸನುಮಾಡಲು ಬಂದ ಆಳುಗಳ ಕೈಗೆ ಸಿಕ್ಕಿ ಹೋಗಲಿದ್ದ ಆ ಸಸಿಗಳನ್ನು, ದಾರಿಯಲ್ಲಿ ಬಂದ ಒಬ್ಬ ತರುಣ ಅಧ್ಯಾಪಕನು ಗುರುತಿಸಿ ಉಳಿಸಿದನಂತೆ. ಇಂದು ಕೇಪಿನ ಸ್ವಂತ ತಳಿಯೆಂದು ಹೆಸರಾದ ಪಿನೊಟಾಜ್ ಅದೇ. ಇನ್ನೊಂದು ವಿಷಯವೂ ಅವರ ಮನಸ್ಸನ್ನು ಹಿಡಿಯಿತು. 1886ರಲ್ಲಿ ಬೇರುತಿನ್ನುವ ಫಿಲಾಕ್ಸೆರಾ ಎಂಬ ಹೇನು ಕೇಪಿಗೆ ಬಂದು ತೋಟಗಳನ್ನು ಹಾಳುಮಾಡಿದ ಮೇಲೆ, ಅದಕ್ಕೆ ಜಗ್ಗದ ಅಮೆರಿಕದ ಬಳ್ಳಿಯ ಬೇರಿಗೆ ಯೂರೋಪಿನ ಕೊಂಬೆಯನ್ನು ಕಸಿಕಟ್ಟಿ ಉದ್ಯಮವನ್ನು ಮತ್ತೆ ಎತ್ತಿದರು. ಬೆಂಗಳೂರು ನೀಲಿಯ ರಕ್ತದಲ್ಲಿಯೂ ಅಮೆರಿಕದ ಕಾಡುದ್ರಾಕ್ಷಿಯ ಪಾಲಿದೆ. ಇಲ್ಲಿ ಮಣ್ಣಿನಡಿಯಲ್ಲಿ ಅಡಗಿ ದುಡಿಯುವ ನೆಂಟನು ತಮ್ಮ ಊರಿನಲ್ಲಿ ಚಪ್ಪರದ ಮೇಲೆಯೆ ಹಣ್ಣಾಗುತ್ತಾನೆಂದು ಉಪಾಧ್ಯಾಯರು ಹೇಳಿದುದನ್ನು ಮಾರ್ಗದರ್ಶಿ ಮೆಚ್ಚಿದನು. ವರ್ಷಕ್ಕೆರಡು ಫಸಲೆಂಬುದನ್ನು ಮಾತ್ರ ಅವನು ಪೂರ್ತಿಯಾಗಿ ನಂಬಲಿಲ್ಲ.

ಊಟದ ಹೊತ್ತಿನಲ್ಲಿ ಮನೆಯಾಕೆ ತಮ್ಮ ಪ್ರಶ್ನೆಯನ್ನು ಕೇಳಿದರು. ದೂರದ ಸಾಲಿನಲ್ಲಿ ಕತ್ತರಿ ಹಿಡಿದು ಬಾಗಿ ನಡೆಯುತ್ತಿದ್ದ ಹೆಂಗಸರನ್ನು ತೋರಿಸಿ, ಅವರು ಇದನ್ನು ಕುಡಿಯುತ್ತಾರೆಯೆ ಎಂದರು.

ಮಾರ್ಗದರ್ಶಿ ಅಂಥ ಸಾಲುಗಳ ನಡುವೆಯೇ ಹುಟ್ಟಿದವನು. ಅವನ ತಂದೆ ತೋಟವೊಂದರ ಸವರುಗಾರ. 1834ರ ಡಿಸೆಂಬರ್ 1ರಂದು ಗುಲಾಮಗಿರಿ ಶಾಸನರೀತ್ಯಾ ರದ್ದಾಯಿತು. ಆಗಲೂ ಇನ್ನು ನಾಲ್ಕು ವರ್ಷ ಉಮೇದುವಾರಿಯೆಂಬ ಹೆಸರಿನಲ್ಲಿ ದುಡಿಸಿ, 1838ರಲ್ಲಿ ಬಿಟ್ಟರು. ಬಿಟ್ಟವರು ಹೋಗುವುದೆಲ್ಲಿಗೆ? ಭೂಮಿಯಿಲ್ಲ, ಮನೆಯಿಲ್ಲ, ಅದೇ ತೋಟ, ಅದೇ ಯಜಮಾನ. ಆಳುಗಳನ್ನು ಹಿಡಿದಿಡಲು ಹಗ್ಗಕ್ಕಿಂತ ಮೆತ್ತನೆಯ ಉಪಾಯವೊಂದಿತ್ತು. ಅದಕ್ಕೆ ಡಾಪ್ ಎಂದು ಹೆಸರು. ಕೂಲಿಯ ಒಂದು ಭಾಗವಾಗಿ ಅಗ್ಗದ ಮದ್ಯವನ್ನು ದಿನಕ್ಕೆ ಹಲವು ಸಲ, ಬೆಳಗಿನಿಂದಲೇ, ತಗಡಿನ ಲೋಟದಲ್ಲಿ ಅಳೆದುಕೊಡುವುದು. ಒಳ್ಳೆಯದು ಸೀಸೆಗೆ, ಗಸಿ ಆಳಿಗೆ. ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ಇದು ನಡೆಯಿತು. 1960ರ ದಶಕದಲ್ಲಿ ಶಾಸನ ಇದನ್ನು ನಿಷೇಧಿಸಿದ ಬಳಿಕವೂ ಮೂಲೆಯ ತೋಟಗಳಲ್ಲಿ ನಡೆಯಿತು; 2003ರ ಮದ್ಯಶಾಸನ ಮತ್ತೆ ಖಂಡಿತವಾಗಿ ನಿಷೇಧಿಸಬೇಕಾಯಿತು. ತಾಯಿಯ ಕುಡಿತದಿಂದ ಗರ್ಭದಲ್ಲಿಯೆ ಊನಗೊಂಡ ಮಕ್ಕಳ ಪ್ರಮಾಣ ಲೋಕದಲ್ಲೇ ಅತಿ ಹೆಚ್ಚಾಗಿ ದಾಖಲಾಗಿರುವ ಸೀಮೆಗಳಲ್ಲಿ ಇದೂ ಒಂದು.

“ನನ್ನ ತಂದೆ ಕಣ್ಣು ಕಟ್ಟಿದರೂ ಬಳ್ಳಿ ಸವರಬಲ್ಲವನಾಗಿದ್ದ” ಎಂದನವನು. “ಐವತ್ತೆರಡಕ್ಕೆ ಸತ್ತ. ಕೊನೆಯ ವರ್ಷ ಕತ್ತರಿ ಹಿಡಿಯಲು ಕೈ ನಿಲ್ಲುತ್ತಿರಲಿಲ್ಲ. ಲೋಟ ಹಿಡಿದ ಮೇಲೆಯೆ ನಿಲ್ಲುತ್ತಿತ್ತು.”

ಮನೆಯಾಕೆ ತಮ್ಮ ಅಣ್ಣನ ಮಾತು ಹೇಳಿದರು. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತ ನಡುವೆ ಎರಡು ಸಲ ನಿಂತಳು. ಉಪಾಧ್ಯಾಯರು ತಟ್ಟೆಯನ್ನೇ ನೋಡುತ್ತಿದ್ದರು. ಕಾಗದ ಬರೆದ ಸಂಸ್ಥೆಯವರಿಗೆ ಏನು ಉತ್ತರ ಹೋಗುವುದೆಂಬುದು ಆಗಲೇ ಗೊತ್ತಾದಂತೆ ಇತ್ತು.

ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ತಮ್ಮದು ತಿನ್ನುವ ಹಣ್ಣು, ಪಾಪದ ಸೋಂಕಿಲ್ಲದ್ದು ಎಂದು ಆಕೆ ಹೇಳಿದಾಗ, ಮಾರ್ಗದರ್ಶಿ ಕೈಯೆತ್ತಿ ಈಶಾನ್ಯದ ಬೆಟ್ಟಗಳನ್ನು ತೋರಿಸಿದನು. ಆ ಬೆಟ್ಟಗಳಾಚೆ ಡಿ ಡೋರ್ನ್ಸ್ ಎಂಬ ಊರಿದೆ. ಅಲ್ಲಿಯ ಕಣಿವೆಯಲ್ಲಿ ಬೆಳೆಯುವುದು ಮದ್ಯದ ಹಣ್ಣಲ್ಲ, ತಿನ್ನುವ ಹಣ್ಣು. ಅಂದವಾಗಿ ಕಟ್ಟಿ ಪರದೇಶಗಳಿಗೆ ಕಳುಹಿಸುವಂಥದು. 2012ರ ನವೆಂಬರಿನಲ್ಲಿ ತೋಟದ ಕೂಲಿಗಳ ದೊಡ್ಡ ಮುಷ್ಕರ ಮೊದಲು ಎದ್ದುದು ಅಲ್ಲಿಯೆ. ಆಗ ದಿನದ ಕನಿಷ್ಠ ಕೂಲಿ 69 ರ‍್ಯಾಂಡ್. ಮುಷ್ಕರದ ತರುವಾಯ 2013ರ ಮಾರ್ಚಿನಿಂದ ಸರ್ಕಾರ ಅದನ್ನು 105ಕ್ಕೆ ಏರಿಸಿತು. “ನಿಮ್ಮ ತೋಟದಲ್ಲಿ ಕೊಯ್ಯುವವರಿಗೆ ಏನು ಕೊಡುತ್ತೀರಿ?” ಎಂದು ಅವನು ಸಹಜವಾಗಿಯೆ ಕೇಳಿದನು, ಕುಹಕವೇನೂ ಇರಲಿಲ್ಲ. ಉಪಾಧ್ಯಾಯರು ಗಂಡಾಳಿನದೊಂದು, ಹೆಣ್ಣಾಳಿನದೊಂದು, ಎರಡು ಅಂಕಿ ಹೇಳಿದರು. ಮಗಳು ಅನುವಾದಿಸುವ ಮೊದಲೇ ಮನೆಯಾಕೆ ಗಂಡನ ಮುಖ ನೋಡಿದರು.

ಸಂಜೆಯ ಫ್ರಾನ್ಸ್‌ಹೂಕ್ ಬಗ್ಗೆ ಬರೆಯಲು ಹೆಚ್ಚೇನಿಲ್ಲ. 1688ರಲ್ಲಿ ಧರ್ಮದ ಹಿಂಸೆಗೆ ಹೆದರಿ ಫ್ರಾನ್ಸ್ ಬಿಟ್ಟು ಬಂದ ಪ್ರಾಟೆಸ್ಟಂಟರ ಕಣಿವೆಯದು. ಅವರ ಭಾಷೆ ಕೆಲವೇ ತಲೆಮಾರುಗಳಲ್ಲಿ ಅಳಿದರೂ ತೋಟಗಳಿಗೆ ಅವರಿಟ್ಟ ಹೆಸರುಗಳು ಇಂದಿಗೂ ಫಲಕಗಳಲ್ಲಿ ಹೊಳೆಯುತ್ತಿವೆ. ಹೋಟೆಲುಗಳು ಬಹಳ, ಬೆಲೆಯೂ ಬಹಳ. ಮಾರ್ಗದರ್ಶಿ ಸ್ವಲ್ಪ ಸುತ್ತು ಹಾಕಿ, ಪಾರ್ಲ್ ಕಡೆಯ ರಸ್ತೆಯಲ್ಲಿ ಒಂದು ಸೆರೆಮನೆಯ ಹೆಬ್ಬಾಗಿಲ ಮುಂದೆ ಗಾಡಿ ನಿಲ್ಲಿಸಿದನು. ನೆಲ್ಸನ್ ಮಂಡೇಲಾ 1990ರ ಫೆಬ್ರವರಿ 11ರಂದು, ಇಪ್ಪತ್ತೇಳು ವರ್ಷದ ಸೆರೆಯ ಬಳಿಕ, ನಡೆದು ಹೊರಬಂದ ಬಾಗಿಲು ಅದು. ಈಗ ಮುಷ್ಟಿಯೆತ್ತಿದ ಅವರ ಪ್ರತಿಮೆ ಅಲ್ಲಿದೆ. ಆ ದಿನ ತನ್ನ ತಂದೆ ಕೆಲಸ ಬಿಟ್ಟು, ರಸ್ತೆಯ ಬದಿಯಲ್ಲಿ ಬೆಳಗಿನಿಂದ ಕಾದಿದ್ದನೆಂದೂ, ಆ ಒಂದು ದಿನ ಕುಡಿಯಲಿಲ್ಲವೆಂದೂ ಅವನು ಹೇಳಿದನು.

ನಗರಕ್ಕೆ ಮರಳುವ ದಾರಿಯಲ್ಲಿ ಮಗಳು ನಿದ್ದೆಹೋದಳು. ಹಿಂದಿನ ಪೀಠದಲ್ಲಿ ದಂಪತಿಗಳು ಕನ್ನಡದಲ್ಲಿ ಮೆಲ್ಲಗೆ ಲೆಕ್ಕ ಹಾಕುತ್ತಿದ್ದರು: ಹನ್ನೊಂದು ಹೆಣ್ಣಾಳು, ಎರಡು ಕೊಯ್ಲು, ಒಂದೊಂದಕ್ಕೆ ಎಷ್ಟು ದಿನ, ಗಂಡಾಳಿನ ಸಮಕ್ಕೆ ತರಲು ದಿನಕ್ಕೆ ಎಷ್ಟು ಹೆಚ್ಚು. ಹಣ ಎಲ್ಲಿಂದ ಬರಬೇಕೆಂದು ಉಪಾಧ್ಯಾಯರು ಕೇಳಿದರು. ಸಂಸ್ಥೆಯವರ ಕಾಗದ ಒಪ್ಪಿದ್ದರೆ ಬರುತ್ತಿತ್ತೆಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ; ಆಕೆಗೂ ಅದು ತಿಳಿದಿತ್ತು. ದಾರಿ ಮುಗಿಯುವವರೆಗೂ ಲೆಕ್ಕ ಹೊಂದಲಿಲ್ಲ. ಮನೆಯ ಮುಂದೆ ಇಳಿದಾಗ ಆಕೆ, ಬೆರಳ ಗೆಣ್ಣು ಎಣಿಸುತ್ತಲೇ, ಮತ್ತೆ ಮೊದಲಿನಿಂದ ಆರಂಭಿಸಿದರು.